ಸ್ವಿಫ್ಟ್ ಕಾರಿಗೆ ಸೈಕಲ್ ಕ್ಯಾರಿಯರ್: ಹಿಂಬದಿಯದೋ, ಟಾಪಿನದೋ?

ಪ್ರಶ್ನೆ: ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2018ರ ಮಾರುತಿ ಸ್ವಿಫ್ಟ್. ಸೈಕಲ್‌ಗಳು ಎರಡು. ನನ್ನದು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್, ತೂಕ 13 ಕೆ.ಜಿ. ನನ್ನ ಹೆಂಡತಿಯದು ಮೇಲಿನ ಅಡ್ಡಕೊಳವೆ ಇಲ್ಲದ ಲೇಡೀಸ್ ಸೈಕಲ್. ಮುಂದಿನ ಬುಟ್ಟಿಯನ್ನು ಕಳಚಿದ ಮೇಲೂ 15 ಕೆ.ಜಿ. ತೂಗುತ್ತದೆ. ಭಾನುವಾರಗಳಲ್ಲಿ ಚಾಮುಂಡಿ ಬೆಟ್ಟದ ಸುತ್ತಮುತ್ತ ತುಳಿಯುವುದು ನಮಗೆ ಮೂರು ವರ್ಷಗಳಿಂದ ರೂಢಿಯಾಗಿದೆ. ಈಗ ಇಬ್ಬರಿಗೂ ಮೇಲುಕೋಟೆಯ ಕಡೆ, ಸಾಧ್ಯವಾದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರಸ್ತೆಗಳಲ್ಲಿ ತುಳಿಯಬೇಕೆಂಬ ಆಸೆ. ಅಲ್ಲಿಯವರೆಗೆ ಸೈಕಲ್‌ಗಳನ್ನು ಕಾರಿನಲ್ಲಿಯೇ ಒಯ್ಯಬೇಕು.

ಕಳೆದ ತಿಂಗಳು ಒಂದು ಅಂಗಡಿಯಲ್ಲಿ, ಹಿಂಬಾಗಿಲಿಗೆ ಬೆಲ್ಟುಗಳಿಂದ ಬಿಗಿಯುವ ಕ್ಯಾರಿಯರ್ ಒಂದನ್ನು ಕೊಂಡೆ. ಅದು ಎಲ್ಲ ಕಾರುಗಳಿಗೂ ಹೊಂದುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಮನೆಗೆ ತಂದು ಹಾಕಿ ನೋಡಿದಾಗ ಮೇಲಿನ ಎರಡು ಕೊಕ್ಕೆಗಳಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಹಿಂಬಾಗಿಲಿನ ತುದಿಯಲ್ಲಿರುವ ಪ್ಲಾಸ್ಟಿಕ್ ಸ್ಪಾಯ್ಲರ್ ಮಾತ್ರ. ಆದರೂ ಬಿಗಿದು, ಸೈಕಲ್‌ಗಳನ್ನು ನೇತುಹಾಕಿ, ಪರೀಕ್ಷೆಗೆಂದು ರಿಂಗ್ ರಸ್ತೆಯವರೆಗೆ ನಿಧಾನವಾಗಿ ಹೋದೆ. ಮೂರನೆಯ ಹಂಪ್ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಹ್ಯಾಂಡಲ್ ಮೊದಲಿದ್ದ ಜಾಗದಲ್ಲಿರಲಿಲ್ಲ. ಇಳಿದು ನೋಡಿದಾಗ ಇಡೀ ಕ್ಯಾರಿಯರ್ ಒಂದು ಗೇಣಿನಷ್ಟು ಎಡಕ್ಕೆ ವಾಲಿತ್ತು, ಸ್ಪಾಯ್ಲರ್‌ನ ಅಂಚು ಕೊಕ್ಕೆಯ ಅಡಿಯಲ್ಲಿ ಬಾಗಿತ್ತು. ಜೊತೆಗೆ ನಂಬರ್ ಪ್ಲೇಟಿನ ಅರ್ಧಭಾಗ ಸೈಕಲ್ ಚಕ್ರದ ಹಿಂದೆ ಮರೆಯಾಗಿರುವುದೂ ಆಗಲೇ ಗಮನಕ್ಕೆ ಬಂದದ್ದು. ಅಲ್ಲಿಂದಲೇ ಹಿಂದಿರುಗಿದೆ.

ನಮ್ಮ ಕಾರಿನ ಟಾಪಿನ ಮೇಲೆ ರೂಫ್ ರೈಲ್ (ಎರಡೂ ಬದಿಗೆ ಉದ್ದಕ್ಕೂ ಇರುವ ಸರಳು) ಇಲ್ಲ. ಇಂಥ ಕಾರಿಗೆ ಟಾಪಿನ ಕ್ಯಾರಿಯರ್ ಹಾಕಬಹುದೇ? ಹಾಕಿದರೆ ಆ ತೂಕವನ್ನು ತಗಡು ತಾಳುತ್ತದೆಯೇ? ಅಥವಾ ಬೆಲ್ಟಿನ ಕ್ಯಾರಿಯರ್‌ಗಳಲ್ಲಿಯೇ ಸ್ವಿಫ್ಟ್‌ಗೆ ಸರಿಹೊಂದುವ ಬೇರೆ ಬಗೆ ಇದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.


ಉತ್ತರ 1: ಬೆಂಗಳೂರಿನಿಂದ

ನಮಸ್ಕಾರ ಸರ್. ಅರ್ಧದಲ್ಲಿಯೇ ಹಿಂದಿರುಗಿದಿರಲ್ಲ, ಅದಕ್ಕೆ ಮೊದಲು ನಿಮ್ಮನ್ನು ಅಭಿನಂದಿಸಬೇಕು. "ಎಲ್ಲ ಕಾರಿಗೂ ಹೊಂದುತ್ತದೆ" ಎಂಬ ಮಾತನ್ನು ಕ್ಯಾರಿಯರ್ ವಿಷಯದಲ್ಲಿ ಯಾರೂ ನಂಬಬಾರದು. ಕ್ಯಾರಿಯರ್ ನೋಡುವ ಮುನ್ನ ಕಾರನ್ನು ನೋಡಬೇಕು. ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಟ್ಟಿ, ಎಲ್ಲಿ ಉಕ್ಕು ಇದೆ, ಎಲ್ಲಿ ಪ್ಲಾಸ್ಟಿಕ್ ಇದೆ, ಎಲ್ಲಿ ಗಾಜು ಮುಗಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ನಿರ್ಧಾರ ಅಲ್ಲಿಯೇ ಆಗಿಬಿಡುತ್ತದೆ.

ನಾನು ಒಂಬತ್ತು ವರ್ಷಗಳಿಂದ ಟಾಪಿನ ಮೇಲೆಯೇ ಸೈಕಲ್ ಒಯ್ಯುತ್ತಿದ್ದೇನೆ. ಮೊದಲು ರೈಲ್ ಇಲ್ಲದ ಹ್ಯಾಚ್‌ಬ್ಯಾಕ್‌ನಲ್ಲಿ ಒಯ್ಯುತ್ತಿದ್ದೆ, ಈಗ ರೈಲ್ ಇರುವ ಎಸ್‌ಯುವಿಯಲ್ಲಿ. ಆದ್ದರಿಂದ ಟಾಪಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೈಲ್ ಇಲ್ಲದಿದ್ದರೂ ಟಾಪಿನ ಕ್ಯಾರಿಯರ್ ಹಾಕಬಹುದು. ಇದಕ್ಕೆ ಬೇಕಾಗುವುದು ಎರಡು ಅಡ್ಡಕಂಬಿಗಳು ಮತ್ತು ಅವುಗಳ ನಾಲ್ಕು ಪಾದಗಳು. ರಬ್ಬರ್ ತಳವಿರುವ ಪಾದ ಟಾಪಿನ ಅಂಚಿನ ಮೇಲೆ ಕೂರುತ್ತದೆ. ಅದರಿಂದ ಇಳಿಯುವ ಉಕ್ಕಿನ ಕೊಕ್ಕೆ ಬಾಗಿಲಿನ ಚೌಕಟ್ಟಿನ ಒಳಅಂಚನ್ನು ಹಿಡಿಯುತ್ತದೆ. ಬಾಗಿಲು ಮುಚ್ಚಿದರೆ ಆ ಕೊಕ್ಕೆ ಬೀಡಿಂಗ್ ರಬ್ಬರಿನ ಪಕ್ಕದಲ್ಲಿ ಅಡಗಿರುತ್ತದೆ. ಒಂದೊಂದು ಕಾರಿನ ಟಾಪಿನ ಬಾಗು ಒಂದೊಂದು ಬಗೆ. ಹಾಗಾಗಿ ಥೂಲೆಯಂತಹ ತಯಾರಕರು ಪಾದವನ್ನು ಬೇರೆಯಾಗಿಯೂ, ಆಯಾ ಮಾದರಿಯ ಕಾರಿಗೆ ಹೊಂದುವ ಕೊಕ್ಕೆ ಮತ್ತು ರಬ್ಬರಿನ ಕಿಟ್ ಅನ್ನು ಬೇರೆಯಾಗಿಯೂ ಮಾರುತ್ತಾರೆ. ನಿಮ್ಮ ಕಾರಿನ ಮಾದರಿ ಮತ್ತು ವರ್ಷದ ಹೆಸರಿನಲ್ಲಿಯೇ ಬರುವ ಕಿಟ್ ಸಿಕ್ಕರೆ ಮಾತ್ರ ಕೊಳ್ಳಿರಿ; "ಸ್ವಲ್ಪ ಬಗ್ಗಿಸಿದರೆ ಕೂರುತ್ತದೆ" ಎನ್ನುವುದು ಬೇಡವೇ ಬೇಡ. ಪೆಟ್ಟಿಗೆಯ ಮೇಲೆ ಐಎಸ್‌ಒ 11154 ಎಂಬ ಸಂಖ್ಯೆ ಇದೆಯೇ ಎಂದೂ ನೋಡಿರಿ. ಅದು ಟಾಪಿನ ಮೇಲೆ ಹೊರೆ ಹೊರುವ ಸಾಧನಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ.

ತೂಕದ ಲೆಕ್ಕವನ್ನು ನೀವೇ ಮಾಡಬಹುದು. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಟಾಪಿನ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ಹುಡುಕಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 50ರಿಂದ 75 ಕೆ.ಜಿ.ವರೆಗಿನ ಮಿತಿ ಇರುತ್ತದೆ. ಅನೇಕರು ಇಲ್ಲಿಯೇ ತಪ್ಪುತ್ತಾರೆ. ಆ ಮಿತಿಯಲ್ಲಿ ಸೈಕಲ್ ಮಾತ್ರವಲ್ಲ, ಅಡ್ಡಕಂಬಿ ಮತ್ತು ಕ್ಯಾರಿಯರ್ ಕೂಡ ಸೇರಿರುತ್ತವೆ. ಕಂಬಿಗಳು ಸುಮಾರು 5 ಕೆ.ಜಿ., ಸೈಕಲ್ ಹಿಡಿಯುವ ತಟ್ಟೆಗಳು ತಲಾ 4 ಕೆ.ಜಿ.ಯಂತೆ 8 ಕೆ.ಜಿ., ನಿಮ್ಮ ಎರಡು ಸೈಕಲ್‌ಗಳು 28 ಕೆ.ಜಿ., ಒಟ್ಟು 41 ಕೆ.ಜಿ. ನಿಮ್ಮ ಕೈಪಿಡಿಯಲ್ಲಿ 50 ಎಂದಿದ್ದರೆ ಮೂರನೆಯ ಸೈಕಲ್‌ಗೆ ಜಾಗವಿಲ್ಲ ಎಂದರ್ಥ. ಮೂರನೆಯದು ಹಿಡಿಸುತ್ತದೆಯೇ ಎಂದು ನೋಡಲೂ ಹೋಗಬಾರದು.

ರೈಲ್ ಇರುವ ಕಾರುಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದನ್ನು ಓದುವ ಬೇರೆಯವರಿಗೆ ಉಪಯೋಗವಾದೀತು. ನಮ್ಮ ದೇಶದಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳಲ್ಲಿ ಕಾಣುವ ರೈಲ್‌ಗಳು ಕೇವಲ ಅಂದಕ್ಕಾಗಿ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಗಳು. ಭಾರ ಹೊರುವ ರೈಲ್ ಟಾಪಿನ ಒಳಗಿನ ಉಕ್ಕಿಗೆ ಬೋಲ್ಟ್ ಆಗಿರುತ್ತದೆ. ಅದನ್ನು ಎರಡು ಕೈಗಳಿಂದ ಹಿಡಿದು ಅಲುಗಿಸಿದರೆ ರೈಲ್ ಅಲುಗದೆ ಇಡೀ ಗಾಡಿಯೇ ಅಲುಗಬೇಕು. ಆದರೂ ಕೈಗೆ ಗಟ್ಟಿ ಎನಿಸಿತೆಂದು ನಂಬದೆ, ಕೈಪಿಡಿಯಲ್ಲಿ ರೈಲ್‌ಗೆ ಭಾರದ ಮಿತಿಯನ್ನು ಬರೆದಿದ್ದಾರೆಯೇ ಎಂದು ನೋಡಬೇಕು. "ಭಾರ ಹೇರಬೇಡಿ" ಎಂದು ಬರೆದಿದ್ದರೆ ಆ ರೈಲ್ ಎಷ್ಟು ಗಟ್ಟಿಯಾಗಿ ಕಂಡರೂ ನಮಗೆ ಪ್ರಯೋಜನವಿಲ್ಲ.

ಸ್ವಿಫ್ಟ್‌ನ ಟಾಪು ಅಗಲವಾಗಿಲ್ಲ. ಎರಡು ಸೈಕಲ್‌ಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ತಾಗುತ್ತವೆ. ಆದ್ದರಿಂದ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮುಖಮಾಡಿ ನಿಲ್ಲಿಸಬೇಕು. ಕಂಬಿ ಬಿಗಿದ ಮೇಲೆ ಮೊದಲ 20 ಕಿ.ಮೀ. ಹೋಗಿ ನಿಂತು, ಆಲನ್ ಕೀಯಿಂದ ನಾಲ್ಕೂ ಪಾದಗಳನ್ನು ಮತ್ತೆ ಪರೀಕ್ಷಿಸಿರಿ. ರಬ್ಬರ್ ಒತ್ತಿಕೊಂಡು ಕೂತ ಮೇಲೆ ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ನನ್ನ ಕಾರಿನಲ್ಲಿ ಪ್ರತಿ ಬಾರಿಯೂ ಕಾಲು ಸುತ್ತಿನಷ್ಟು ಬಿಗಿಯಬೇಕಾಗುತ್ತದೆ.

ಇನ್ನು ಎತ್ತರ. ಸ್ವಿಫ್ಟ್‌ನ ಎತ್ತರ 1530 ಮಿ.ಮೀ. ಕಂಬಿ ಮತ್ತು ತಟ್ಟೆ ಸೇರಿ ಸುಮಾರು 12 ಸೆಂ.ಮೀ., ಅದರ ಮೇಲೆ ನಿಂತ ಸೈಕಲ್‌ನ ಹ್ಯಾಂಡಲಿನವರೆಗೆ 105ರಿಂದ 110 ಸೆಂ.ಮೀ. ಒಟ್ಟು ಎರಡೂ ಮುಕ್ಕಾಲು ಮೀಟರ್ ಆಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್ ಬಾಗಿಲಲ್ಲಿ 2.1 ಮೀಟರ್ ಎಂದು ಬರೆದಿರುತ್ತಾರೆ. ಐದು ವರ್ಷಗಳ ಹಿಂದೆ ನಂದಿ ಬೆಟ್ಟದಿಂದ ಬೆಳಿಗ್ಗೆ ಹತ್ತು ಗಂಟೆಗೆ ದಣಿದು ಮರಳಿದ ನಾನು, ಅಭ್ಯಾಸಬಲದಿಂದ ನಮ್ಮ ಅಪಾರ್ಟ್‌ಮೆಂಟಿನ ಇಳಿಜಾರಿಗೆ ಕಾರನ್ನು ತಿರುಗಿಸಿದೆ. ಮೇಲೆ ಬಡಿದ ಸದ್ದು ಕೇಳಿ ಬ್ರೇಕ್ ಒತ್ತುವಷ್ಟರಲ್ಲಿ ಸೈಕಲ್‌ನ ಸೀಟು ತೊಲೆಗೆ ಸಿಕ್ಕಿ, ಹಿಂದಿನ ಕಂಬಿಯ ಪಾದ ಕಿತ್ತು, ಟಾಪಿನ ಅಂಚಿನಲ್ಲಿ ಅಂಗೈಯಷ್ಟು ತಗ್ಗು ಬಿದ್ದಿತ್ತು. ವೇಗ ಹತ್ತು ಕಿ.ಮೀ. ಕೂಡ ಇರಲಿಲ್ಲ. ಅಂದಿನಿಂದ ಸೈಕಲ್ ಮೇಲೇರಿದ ಕ್ಷಣವೇ "ಮೇಲೆ ಸೈಕಲ್ ಇದೆ, 2.75" ಎಂದು ಬರೆದ ರಟ್ಟಿನ ತುಂಡೊಂದನ್ನು ಸ್ಟೀರಿಂಗ್‌ಗೆ ಸಿಕ್ಕಿಸುತ್ತೇನೆ. ಕಾರು ತಿರುಗಿಸುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ನೀವೂ ಹೀಗೆ ಏನಾದರೊಂದು ಗುರುತು ಇಟ್ಟುಕೊಳ್ಳಲೇಬೇಕು. ಸೈಕಲ್ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮರೆಯುವುದು ಬಹಳ ಸುಲಭ.

ವೇಗವನ್ನು 80ಕ್ಕೆ ನಿಲ್ಲಿಸಿರಿ. ಬೈಪಾಸಿನಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಳಿ ಸೈಕಲ್‌ಗಳನ್ನು ತಳ್ಳುವುದು ಸ್ಟೀರಿಂಗ್‌ನಲ್ಲಿಯೇ ತಿಳಿಯುತ್ತದೆ. ಘಾಟಿಯ ತಿರುವುಗಳಲ್ಲಿ ಟಾಪಿನ ಭಾರದಿಂದ ಗಾಡಿ ಎಂದಿಗಿಂತ ಹೆಚ್ಚು ವಾಲುತ್ತದೆ. ಮೈಲೇಜ್ ಕಡಿಮೆಯಾಗುತ್ತದೆ, ಬರಿಯ ಕಂಬಿಗಳಿದ್ದರೂ ಗಾಳಿಯ ಶಿಳ್ಳೆ ಕೇಳಿಸುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿಡುವುದು ಒಳ್ಳೆಯದು.


ಪ್ರಶ್ನೆ ಕೇಳಿದವರು: ಮೈಸೂರು

ಇಷ್ಟು ವಿವರವಾಗಿ ಬರೆದುದಕ್ಕೆ ತುಂಬಾ ಧನ್ಯವಾದಗಳು. ಕೈಪಿಡಿಯನ್ನು ಇಂದೇ ಹುಡುಕುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಟಾಪಿನ ತಟ್ಟೆಯಲ್ಲಿ ಸೈಕಲ್ ಅನ್ನು ಹಿಡಿಯುವ ತೋಳು ಫ್ರೇಮಿನ ಕೊಳವೆಯನ್ನು ಕಚ್ಚುತ್ತದಲ್ಲವೇ? ನನ್ನ ಹೆಂಡತಿಯ ಸೈಕಲ್‌ಗೆ ಮೇಲಿನ ಕೊಳವೆಯೇ ಇಲ್ಲದಿರುವಾಗ ಅದು ಹೇಗೆ ಹಿಡಿಯುತ್ತದೆ? ಎರಡನೆಯದು, ನನ್ನ ಹೆಂಡತಿಗೆ ಭುಜದ ನೋವಿದೆ. ಆಕೆ ಒಬ್ಬಳೇ ಹೋಗಬೇಕಾದ ದಿನ 15 ಕೆ.ಜಿ.ಯನ್ನು ತಲೆಯ ಮೇಲಕ್ಕೆ ಎತ್ತಲಾರಳು. ಅದಕ್ಕೇನಾದರೂ ದಾರಿ ಇದೆಯೇ?


ಉತ್ತರ 2: ವಿಜಯಪುರದಿಂದ

ಶರಣಾರ್ಥಿ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರು ಸೈಕಲ್ ರೇಸಿನಲ್ಲಿ ಹೆಸರು ಮಾಡಿದವರೆಂಬುದು ತಮಗೆ ಗೊತ್ತೇ ಇದೆ. ನನ್ನ ಮಗನೂ ಅವರಲ್ಲಿ ಒಬ್ಬ. ಅವನ ಮತ್ತು ಅವನ ಗೆಳೆಯರ ಸೈಕಲ್‌ಗಳನ್ನು ಊರಿಂದ ಊರಿಗೆ ಒಯ್ಯುವ ಕೆಲಸವನ್ನು ಹಲವಾರು ವರ್ಷ ಮಾಡಿದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ಮೊದಲು ತಮ್ಮ ಸಂದೇಹಕ್ಕೆ. ಟಾಪಿನ ತಟ್ಟೆಯ ತೋಳು ಕಚ್ಚುವುದು ಮೇಲಿನ ಕೊಳವೆಯನ್ನಲ್ಲ, ಹ್ಯಾಂಡಲಿನ ಬುಡದಿಂದ ಪೆಡಲ್‌ನ ಕಡೆಗೆ ಇಳಿಯುವ ಕೊಳವೆಯನ್ನು. ಅದು ಲೇಡೀಸ್ ಸೈಕಲ್‌ನಲ್ಲಿಯೂ ಇರುತ್ತದೆ. ಆ ಕೊಳವೆಯ ದಪ್ಪವನ್ನು ಅಳೆದು, ತೋಳಿನ ಮಿತಿಯೊಳಗೆ ಬರುತ್ತದೆಯೇ ಎಂದು ನೋಡಿದರೆ ಸಾಕು. ಹಿಂಬದಿಗೆ ನೇತುಹಾಕುವ ಕ್ಯಾರಿಯರ್‌ನಲ್ಲಿ ಮಾತ್ರ ಮೇಲಿನ ಕೊಳವೆ ಇಲ್ಲದಿದ್ದರೆ ತೊಂದರೆ. ಅದಕ್ಕೆ ಸೀಟಿನ ಕಂಬಕ್ಕೂ ಹ್ಯಾಂಡಲಿನ ಬುಡಕ್ಕೂ ಸಿಕ್ಕಿಸುವ ಹೆಚ್ಚುವರಿ ಸರಳು ಬೇರೆಯಾಗಿ ಸಿಗುತ್ತದೆ.

ಕಾರ್ಬನ್ ಫ್ರೇಮಿನ ಸೈಕಲ್ ಇರುವವರು ಇದನ್ನು ಗಮನವಿಟ್ಟು ಓದಬೇಕು. ಕಾರ್ಬನ್ ಕೊಳವೆ ಉದ್ದಕ್ಕೆ ಬರುವ ಬಲವನ್ನು ಚೆನ್ನಾಗಿ ತಾಳುತ್ತದೆಯೇ ಹೊರತು, ಅಡ್ಡಡ್ಡ ಹಿಂಡಿದರೆ ತಾಳುವುದಿಲ್ಲ. ತೋಳಿನಿಂದ ಬಿಗಿದ ಒಂದು ಸೈಕಲ್‌ನ ಕೊಳವೆಯಲ್ಲಿ ಕೂದಲೆಳೆಯಂತಹ ಬಿರುಕು ಬಂದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಗುರಿನಿಂದ ತಟ್ಟಿದರೆ ಆ ಜಾಗದ ಸದ್ದು ಬೇರೆಯಾಗಿ ಕೇಳುತ್ತಿತ್ತು. ಆ ಹುಡುಗ ಇಡೀ ವರ್ಷ ದುಡಿದು ಕೊಂಡ ಸೈಕಲ್ ಅದು. ಕಾರ್ಬನ್‌ಗೆ ಮುಂಚಕ್ರ ಬಿಚ್ಚಿ ಫೋರ್ಕ್ ಅನ್ನು ಕಚ್ಚಿಸುವ ಬಗೆ, ಇಲ್ಲವೇ ಚಕ್ರಗಳನ್ನಷ್ಟೇ ಹಿಡಿಯುವ ಬಗೆ ಆಗಬೇಕು. ಫೋರ್ಕ್ ಬಗೆಯಾದರೆ ತಮ್ಮ ಸೈಕಲ್‌ನ ಅಚ್ಚು ಯಾವುದೆಂದು ಮೊದಲು ತಿಳಿಯಬೇಕು. ಹಳೆಯ ಸೈಕಲ್‌ಗಳಲ್ಲಿ 9 ಮಿ.ಮೀ. ಕ್ವಿಕ್ ರಿಲೀಸ್ (ಸಣ್ಣ ಲಿವರ್‌ನಿಂದ ಸಡಿಲಿಸುವ ಅಚ್ಚು), ಹೊಸ ಡಿಸ್ಕ್ ಬ್ರೇಕಿನ ಸೈಕಲ್‌ಗಳಲ್ಲಿ 12 ಅಥವಾ 15 ಮಿ.ಮೀ. ಥ್ರೂ ಆಕ್ಸಲ್ (ಫೋರ್ಕಿನ ತೂತುಗಳ ಮೂಲಕ ತೂರಿಸುವ ದಪ್ಪ ಅಚ್ಚು). ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ನಾವು ಮೊದಲು ಹಳೆಯ ಟಾಟಾ ಸುಮೋದಲ್ಲಿ ಒಯ್ಯುತ್ತಿದ್ದೆವು. ಅಂಥ ಗಾಡಿಗಳ ಟಾಪಿನ ಎರಡೂ ಬದಿಗೆ ಮಳೆನೀರು ಹರಿಯುವ ತಗಡಿನ ಅಂಚು ಇರುತ್ತದೆ, ಕ್ಯಾರಿಯರ್‌ನ ಕಾಲುಗಳು ಅದನ್ನೇ ಹಿಡಿಯುತ್ತವೆ. ಹಳೆಯ ಟ್ಯೂಬ್ ಕತ್ತರಿಸಿ ಕೊಳವೆಗಳಿಗೆ ಸುತ್ತಿ, ಹುರಿಯಿಂದ ಬಿಗಿದರೆ ಆರು ಸೈಕಲ್ ನಿಶ್ಚಿಂತೆಯಿಂದ ಹೋಗುತ್ತಿದ್ದವು. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ಅಂಚೇ ಇರುವುದಿಲ್ಲ.

ತಮ್ಮ ಶ್ರೀಮತಿಯವರು ಒಬ್ಬರೇ ಹೋಗುವ ದಿನಕ್ಕೆ ನನ್ನ ಸಲಹೆ ಎಂದರೆ, ಕ್ಯಾರಿಯರ್ ಬಿಟ್ಟುಬಿಡಿರಿ. ಹಿಂದಿನ ಸೀಟನ್ನು ಮಡಚಿ, ಚಕ್ರ ಬಿಚ್ಚಿ, ಸೈಕಲ್ ಅನ್ನು ಕಾರಿನ ಒಳಗೇ ಮಲಗಿಸಿರಿ. ಸ್ವಿಫ್ಟ್‌ನಂತಹ ಕಾರಿನಲ್ಲಿ ಒಂದು ಸೈಕಲ್ ಹಿಡಿಸುತ್ತದೆ, ಸೊಂಟದೆತ್ತರಕ್ಕಿಂತ ಮೇಲೆ ಎತ್ತುವ ಕೆಲಸವೂ ಇಲ್ಲ. ಹಿಂಚಕ್ರ ಬಿಚ್ಚುವ ಮುನ್ನ ಗೇರನ್ನು ಎಲ್ಲಕ್ಕಿಂತ ಸಣ್ಣ ಹಲ್ಲಿನ ಚಕ್ರಕ್ಕೆ ತಂದರೆ ಚೈನು ಸುಲಭವಾಗಿ ಕಳಚುತ್ತದೆ. ಚೈನು ಇರುವ ಬದಿ ಮೇಲೆ ಬರುವಂತೆ ಮಲಗಿಸಬೇಕು, ಇಲ್ಲವಾದರೆ ಗೇರಿನ ಕೊಂಡಿಯ ಮೇಲೆ ಇಡೀ ಭಾರ ಬಿದ್ದು ಅದು ಬಾಗುತ್ತದೆ. ಹಳೆಯ ಹಾಸಿಗೆ ಹೊದಿಕೆಯೊಂದನ್ನು ಕೆಳಗೆ ಹಾಸಿ, ಇನ್ನೊಂದನ್ನು ಚೈನಿನ ಮೇಲೆ ಹೊದಿಸಿರಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ತೆಗೆದ ತಕ್ಷಣ ಎರಡು ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡನ್ನು ತೂರಿಸಬೇಕು. ಪ್ರಯಾಣದಲ್ಲಿ ಯಾರ ಕೈಯೋ ಚೀಲವೋ ಲಿವರನ್ನು ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು, ಊರು ತಲುಪಿದ ಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ರೇಸಿನ ಬೆಳಿಗ್ಗೆ ಹೀಗಾಗಿ ಅತ್ತ ಮಕ್ಕಳನ್ನು ನಾನು ಸಮಾಧಾನ ಮಾಡಿದ್ದೇನೆ.


ಉತ್ತರ 3: ಹುಬ್ಬಳ್ಳಿಯಿಂದ

ನಾನು ಕಾರಿನ ಬಾಡಿ ಮತ್ತು ಪೇಂಟಿಂಗ್ ಕೆಲಸ ಮಾಡುವವನು. ಬೆಲ್ಟಿನ ಕ್ಯಾರಿಯರ್‌ನಿಂದ ಹಾಳಾದ ಹಿಂಬಾಗಿಲುಗಳು ವರ್ಷಕ್ಕೆ ಮೂರು ನಾಲ್ಕಾದರೂ ನನ್ನ ಗ್ಯಾರೇಜಿಗೆ ಬರುತ್ತವೆ. ಅದರ ಅರ್ಥ ಬೆಲ್ಟಿನ ಕ್ಯಾರಿಯರ್ ಕೆಟ್ಟದ್ದು ಎಂದಲ್ಲ. ಡಿಕ್ಕಿ ಹೊರಚಾಚಿರುವ ಸೆಡಾನ್ ಕಾರಿಗೆ ಅದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಡಿಕ್ಕಿಯ ಮುಚ್ಚಳಕ್ಕೆ ಮೇಲೂ ಕೆಳಗೂ ಪಕ್ಕದಲ್ಲೂ ತಗಡಿನ ಮಡಿಕೆಯ ಅಂಚು ಇರುತ್ತದೆ, ಕೊಕ್ಕೆಗೆ ಬೇಕಾಗುವುದು ಅದೇ. ಸ್ಪಾಯ್ಲರ್ ಇಲ್ಲದ ಹ್ಯಾಚ್‌ಬ್ಯಾಕ್‌ನಲ್ಲಿಯೂ ನಡೆಯುತ್ತದೆ. ಸ್ಪಾಯ್ಲರ್ ಇದ್ದರೆ ಕೊಕ್ಕೆ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ. ಆ ಪ್ಲಾಸ್ಟಿಕ್ ನಿಂತಿರುವುದು ಕೆಲವೇ ಸ್ಕ್ರೂಗಳ, ಕ್ಲಿಪ್ಪುಗಳ ಮೇಲೆ. ಗಾಜಿನ ಅಂಚಿಗಂತೂ ಕೊಕ್ಕೆ ಸಿಕ್ಕಿಸಲೇಬಾರದು.

ಪೇಂಟ್ ಹಾಳಾಗುವುದು ಕ್ಯಾರಿಯರ್‌ನ ಭಾರದಿಂದಲ್ಲ, ಧೂಳಿನಿಂದ. ಪ್ಯಾಡಿನ ಅಡಿಯಲ್ಲಿ ಸಿಕ್ಕ ಧೂಳಿನ ಕಣ ಇನ್ನೂರು ಕಿಲೋಮೀಟರ್ ಅಲುಗಾಡಿದರೆ ಸ್ಯಾಂಡ್‌ಪೇಪರ್ ಮಾಡುವ ಕೆಲಸವನ್ನೇ ಮಾಡುತ್ತದೆ. ಬಿಗಿಯುವ ಮುನ್ನ ಬಾಗಿಲನ್ನೂ ಪ್ಯಾಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಕೂರಿಸಿದರೆ ಅರ್ಧ ಗೀರುಗಳು ತಪ್ಪುತ್ತವೆ. ಬೆಲ್ಟಿನ ಉಳಿದ ತುದಿಯನ್ನು ಗಂಟುಹಾಕಬೇಕು. ಗಾಳಿಗೆ ಅದು ಪಟಪಟನೆ ಬಡಿದ ಜಾಗದಲ್ಲಿಯೂ ಪೇಂಟ್ ಮಂಕಾಗುತ್ತದೆ. ಸೈಕಲ್ ಚಕ್ರ ಸೈಲೆನ್ಸರ್‌ನ ಬಾಯಿಗೆ ಎದುರಾಗಿದೆಯೇ ಎಂಬುದನ್ನು ಕುಳಿತು ನೋಡಿರಿ. ಎದುರಾಗಿದ್ದರೆ ದೂರದ ಪ್ರಯಾಣದಲ್ಲಿ ಬಿಸಿಗೆ ಟೈರು ಮೆತ್ತಗಾಗಿ ಹಾಳಾಗುತ್ತದೆ.

ನಂಬರ್ ಪ್ಲೇಟಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 50ನೇ ನಿಯಮದ ಪ್ರಕಾರ ನೋಂದಣಿ ಸಂಖ್ಯೆ ಗಾಡಿಯ ಮುಂದೆಯೂ ಹಿಂದೆಯೂ ಸ್ಪಷ್ಟವಾಗಿ ಓದುವಂತಿರಬೇಕು. ಪ್ಲೇಟನ್ನು ಬಿಚ್ಚಿ ಸೈಕಲ್‌ನ ಮೇಲೆ ಕಟ್ಟಿಕೊಳ್ಳೋಣವೆಂದರೆ ಈಗಿನ ಅತಿಸುರಕ್ಷಿತ ಫಲಕಗಳನ್ನು (ಎಚ್‌ಎಸ್‌ಆರ್‌ಪಿ) ಒಮ್ಮೆ ಕೂರಿಸಿದ ಮೇಲೆ ಮುರಿಯದೆ ತೆಗೆಯಲಾಗದಂತಹ ಲಾಕಿನಿಂದ ಜೋಡಿಸಿರುತ್ತಾರೆ. ಬ್ರೇಕ್ ಲೈಟು, ಇಂಡಿಕೇಟರ್ ಮರೆಯಾದರೆ ಹಿಂದೆ ಬರುವವನಿಗೆ ನಾವು ನಿಲ್ಲುವುದು ತಿಳಿಯುವುದಿಲ್ಲ, ರಾತ್ರಿ ಮಳೆಯಲ್ಲಿ ಇದು ಜೀವಕ್ಕೆ ಸಂಬಂಧಿಸಿದ್ದು. ಈ ಒಂದೇ ಕಾರಣಕ್ಕೆ ಎರಡು ಸೈಕಲ್ ಇರುವ ಸಣ್ಣ ಕಾರಿನವರಿಗೆ ನಾನು ಟಾಪನ್ನೇ ಹೇಳುತ್ತೇನೆ.

ಇನ್ನೊಂದು ವಿನಂತಿ. ಹಿಂದಿನ ಬಂಪರಿನ ಕೆಳಗೆ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿಸಿ ಸೈಕಲ್ ನಿಲ್ಲಿಸುವ ಯೋಚನೆಯಿಂದ ಕೆಲವರು ಬರುತ್ತಾರೆ. ನಾನು ಮಾಡಿಕೊಡುವುದಿಲ್ಲ. ಗಾಡಿಯ ಮೂಲ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂದಿನಿಂದ ಗುದ್ದಿದಾಗ ಕುಗ್ಗಿ ಒಳಗಿನವರನ್ನು ಕಾಪಾಡಬೇಕಾದ ಭಾಗಕ್ಕೆ ನಾವು ಕಬ್ಬಿಣ ಬೆಸೆದಂತಾಗುತ್ತದೆ.


ಉತ್ತರ 4: ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ

ನಾನು ಮೂಲತಃ ಹಾಸನದವನು, ಕೆಲಸದ ನಿಮಿತ್ತ ಇಲ್ಲಿದ್ದೇನೆ. ಇಲ್ಲಿ ಹೆಚ್ಚಿನ ಜನ ಬಳಸುವುದು ಟೋಬಾರ್ ಮೇಲೆ ಕೂರುವ ಕ್ಯಾರಿಯರ್. ಕಾರಿನ ಹಿಂದೆ ಟ್ರೇಲರ್ ಎಳೆಯಲು ಇರುವ 50 ಮಿ.ಮೀ. ಉಕ್ಕಿನ ಗುಂಡಿನ ಮೇಲೆ ಕ್ಯಾರಿಯರ್ ಅನ್ನು ಇಟ್ಟು ಲಿವರ್ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಸೈಕಲ್ ಅನ್ನು ಮೊಣಕಾಲಿನೆತ್ತರಕ್ಕೆ ಎತ್ತಿದರೆ ಸಾಕು. ಕ್ಯಾರಿಯರ್‌ನ ಹಿಂಭಾಗದಲ್ಲಿ ಅದರದೇ ಬ್ರೇಕ್ ಲೈಟು, ಇಂಡಿಕೇಟರ್ ಇರುತ್ತವೆ, ಕಾರಿನ ಸಾಕೆಟ್ಟಿಗೆ 13 ಪಿನ್ನಿನ ಪ್ಲಗ್ ಸಿಕ್ಕಿಸಿದರೆ ಉರಿಯುತ್ತವೆ. ಕಾರಿನ ಪ್ಲೇಟು ಮರೆಯಾಗುವುದರಿಂದ ಅದೇ ನಂಬರಿನ ಇನ್ನೊಂದು ಪ್ಲೇಟನ್ನು ಕ್ಯಾರಿಯರ್‌ಗೆ ಹಾಕುವುದು ಇಲ್ಲಿ ಕಡ್ಡಾಯ. ಹುಬ್ಬಳ್ಳಿಯ ಸರ್ ಹೇಳಿದ ಎರಡು ತೊಂದರೆಗಳಿಗೂ ಇಲ್ಲಿ ಪರಿಹಾರವಿದೆ.

ಆದರೆ ಅಲ್ಲಿಯೂ ಲೆಕ್ಕ ತಪ್ಪಿಸುವಂತಿಲ್ಲ. ಆ ಗುಂಡು ಕೆಳಮುಖವಾಗಿ ಹೊರಬಹುದಾದ ಭಾರ ಅನೇಕ ಕಾರುಗಳಲ್ಲಿ 75 ಕೆ.ಜಿ. ನನ್ನ ಕ್ಯಾರಿಯರ್ 18 ಕೆ.ಜಿ. ತೂಗುತ್ತದೆ, ಮನೆಯಲ್ಲಿರುವ ಎರಡು ವಿದ್ಯುತ್ ಸೈಕಲ್‌ಗಳು ತಲಾ 25 ಕೆ.ಜಿ. ಒಟ್ಟು 68. ಬ್ಯಾಟರಿಗಳನ್ನು ಬಿಚ್ಚಿ ಕಾರಿನೊಳಗೆ ಇಟ್ಟುಕೊಂಡರೆ ಇನ್ನಷ್ಟು ಹಗುರವಾಗುತ್ತದೆ, ಮಳೆಯಿಂದಲೂ ರಕ್ಷಣೆ.

ಇದನ್ನು ಬರೆದದ್ದು ಸ್ವಿಫ್ಟ್‌ಗೆ ಹಾಕಿರಿ ಎಂದಲ್ಲ. ಭಾರತದಲ್ಲಿ ಕಾರ್ಖಾನೆಯಿಂದಲೇ ಟೋಬಾರ್ ಬರುವ ಸಣ್ಣ ಕಾರು ಕಾಣುವುದಿಲ್ಲ. ಹೊರಗಿನ ವೀಡಿಯೊಗಳನ್ನು ನೋಡಿ ಆಸೆಪಟ್ಟು, ಊರಿನಲ್ಲಿ ಮಾಡಿಸಿಕೊಳ್ಳಲು ಹೋಗಬಾರದೆಂಬ ಕಾಳಜಿಯಿಂದ ಬರೆದೆ. ಮುಂದೆ ಥಾರ್ ಅಥವಾ ಜಿಮ್ನಿಯಂತೆ ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಇರುವ ಗಾಡಿ ಕೊಂಡರೆ ಆ ಸ್ಟೆಪ್ನಿಗೇ ಬಿಗಿಯುವ ಕ್ಯಾರಿಯರ್‌ಗಳೂ ಇವೆ. ಅಲ್ಲಿಯೂ ಬಾಗಿಲಿನ ಕೀಲುಗಳು ಹೊರುವ ಭಾರವನ್ನು ಕೈಪಿಡಿಯಲ್ಲಿ ನೋಡಬೇಕು, ಪ್ಲೇಟು ಮರೆಯಾಗುತ್ತದೆಯೇ ಎಂಬುದನ್ನೂ.


ಪ್ರಶ್ನೆ ಕೇಳಿದವರು: ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹದಿನೈದು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಮಾಡಿ ನೋಡಿದ ಮೇಲೆಯೇ ಬರೆಯೋಣವೆಂದು ಕಾದೆ.

ಬೆಲ್ಟಿನ ಕ್ಯಾರಿಯರ್ ಅನ್ನು ನನ್ನ ತಮ್ಮನ ಸೆಡಾನ್ ಕಾರಿಗೆ ಹಾಕಿ ನೋಡಿದೆವು. ಆರೂ ಕೊಕ್ಕೆಗಳು ತಗಡಿನ ಅಂಚಿನ ಮೇಲೆ ಕೂತವು, ಅವನ ಒಂದು ಸೈಕಲ್ ಅನ್ನು ಮೇಲಕ್ಕೆ ಎಳೆದು ಕಟ್ಟಿದಾಗ ಬಂಪರಿನ ಮೇಲಿರುವ ನಂಬರ್ ಪ್ಲೇಟೂ ಲೈಟುಗಳೂ ಪೂರ್ತಿ ಕಾಣುತ್ತಿದ್ದವು. ಅದನ್ನು ಅವನಿಗೇ ಕೊಟ್ಟೆ.

ನಮ್ಮ ಕಾರಿನ ಕೈಪಿಡಿಯನ್ನು ಓದಿ, 41 ಕೆ.ಜಿ. ಅದರ ಮಿತಿಯೊಳಗೆ ಬರುತ್ತದೆಂದು ಖಚಿತಪಡಿಸಿಕೊಂಡು, ಸ್ವಿಫ್ಟ್‌ನ ಹೆಸರಿನಲ್ಲಿಯೇ ಬರುವ ಕಿಟ್ ಮತ್ತು ಕಂಬಿಗಳನ್ನು ತರಿಸಿದೆವು. ಲೇಡೀಸ್ ಸೈಕಲ್‌ನ ಇಳಿಕೊಳವೆಯ ದಪ್ಪವನ್ನು ದಾರದಿಂದ ಸುತ್ತಿ ಅಳೆದೆ. ತೋಳಿನ ಮಿತಿಯೊಳಗೇ ಇದೆ. ಕಳೆದ ಭಾನುವಾರ ಮೇಲುಕೋಟೆಗೆ ಹೋಗಿಬಂದೆವು. ಶ್ರೀರಂಗಪಟ್ಟಣ ದಾಟಿದ ಮೇಲೆ ನಿಲ್ಲಿಸಿ ಪರೀಕ್ಷಿಸಿದಾಗ, ಬೆಂಗಳೂರಿನ ಸರ್ ಹೇಳಿದಂತೆಯೇ, ಹಿಂದಿನ ಎಡಗಡೆಯ ಪಾದ ಕಾಲು ಸುತ್ತು ಬಿಗಿಯಿತು. ನನ್ನ ಹೆಂಡತಿ ಒಬ್ಬಳೇ ಹೋಗುವ ದಿನಕ್ಕೆಂದು ಸೀಟು ಮಡಚಿ ಅವಳ ಸೈಕಲ್ ಅನ್ನು ಒಳಗೆ ಮಲಗಿಸುವುದನ್ನೂ ಅಭ್ಯಾಸ ಮಾಡಿದೆವು. ಮಡ್‌ಗಾರ್ಡ್ ತಾಗಿದ್ದರಿಂದ ಹಿಂಬಾಗಿಲು ಮೊದಲು ಮುಚ್ಚಲಿಲ್ಲ. ಮುಂಚಕ್ರದ ಜೊತೆ ಸೀಟಿನ ಕಂಬವನ್ನೂ ಇಳಿಸಿದಾಗ ಮುಚ್ಚಿತು. ವಿಜಯಪುರದ ಹಿರಿಯರು ಹೇಳಿದ ಹೊದಿಕೆ ಈಗ ಕಾರಿನಲ್ಲಿಯೇ ಇದೆ, ಸ್ಟೀರಿಂಗ್‌ಗೆ ಸಿಕ್ಕಿಸುವ ರಟ್ಟಿನ ಮೇಲೆ 2.75 ಎಂದು ಅವಳೇ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.